ಇಟ್ಟಿಗೆ ಮಾರಮ್ಮನ ಉದ್ಭವ

ಆ ದಿನಗಳಲ್ಲಿ ಮದರಾಸಿಗೆ ಚೆನ್ನೈ ಎಂದು ಹೆಸರಿಟ್ಟು ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಅಜ್ಜಿ ಆ ಬದಲಾವಣೆಯನ್ನು ಇನ್ನೂ ಮಂಜೂರು ಮಾಡಿರಲಿಲ್ಲ. ಮಕ್ಕಳಿಗೆ ಬೆಳಗ್ಗೆ ತಿಂಡಿ ಕೊಟ್ಟು ಹೊರಗೆ ಬಿಟ್ಟರೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅವು ಕೈಕಾಲುಗಳ ಸಮೇತ ಹಿಂದಿರುಗಿದವೋ ಇಲ್ಲವೋ ನೋಡಿಕೊಳ್ಳುವುದಷ್ಟೇ ಹೆತ್ತವರ ಜವಾಬ್ದಾರಿಯಾಗಿದ್ದ ಕಾಲ. ಬೇಸಿಗೆ ಶಿಬಿರ, ಈಜು ತರಗತಿ, ಕೀಬೋರ್ಡ್ ಪಾಠ ಮುಂತಾದ ವಿಪತ್ತುಗಳು ನಮ್ಮ ಕಡೆಗಿನ್ನೂ ಬಂದಿರಲಿಲ್ಲ. ನಿಮ್ಮಲ್ಲೂ ಹಲವರಿಗೆ ಅಂಥ ರಜೆ ಸಿಕ್ಕಿರಬಹುದು. ನಿಮಗೆ ಮಾವಿನ ತೋಪೋ ಕೆರೆಯೋ ಇದ್ದಿರಬೇಕು. ನಮಗೆ ಯುದ್ಧವಿತ್ತು.

ಯುದ್ಧಭೂಮಿ ಪೆರಂಬೂರಿನ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿಂಗೋಡೆಯಾಚೆಯ ಹಳೆಯ ಇಟ್ಟಿಗೆ ಫ್ಯಾಕ್ಟರಿ. ನಾನು ಹುಟ್ಟುವ ಮೊದಲೇ ಅದರ ಬೆಂಕಿ ಆರಿತ್ತು. ಮಾಲೀಕನ ಮಕ್ಕಳು ಕೋರ್ಟಿನಲ್ಲಿ ಬಡಿದಾಡುತ್ತಿದ್ದುದರಿಂದ ಯಾರೂ ಅದನ್ನು ಕೆಡವಿರಲಿಲ್ಲ. ನಮ್ಮ ದೇಶದಲ್ಲಿ ಪುರಾತನ ಕಟ್ಟಡಗಳನ್ನು ಕಾಪಾಡಿಕೊಂಡು ಬಂದಿರುವುದು ದಾಯಾದಿ ಕಲಹವೇ. ಇತಿಹಾಸಕಾರರು ಸಂಕೋಚದಿಂದ ಇದನ್ನು ಬರೆಯುವುದಿಲ್ಲ. ನಡುವೆ ತಾಳೆಮರವನ್ನು ಕುಬ್ಜ ಮಾಡುವಂಥ ಚಿಮಣಿ. ಅದರ ಸುತ್ತ ಮೊಟ್ಟೆಯಾಕಾರದಲ್ಲಿ ಇಟ್ಟಿಗೆ ಸುಡುವ ದೊಡ್ಡ ಗೂಡು: ಕಮಾನಿನ ಕೋಣೆಗಳ ಸಾಲು, ಒಂದೊಂದಕ್ಕೂ ಆಳು ಬಗ್ಗಿ ನುಗ್ಗುವಷ್ಟು ಬಾಯಿ. ಒಳಗೆ ಬಾವಲಿಯ ಹಿಕ್ಕೆ, ಹಳೆಯ ಮಸಿ, ಮತ್ತು ಎಂಥ ಬಿಸಿಲಿನಲ್ಲೂ ಒಂದು ಒದ್ದೆ ತಂಪು. ಮಳೆಯ ನಾಲ್ಕು ಹನಿ ಬಿದ್ದರೆ ಸಾಕು, ಇಡೀ ಜಾಗ ಹೊಸ ಮಡಕೆಯ ಹಾಗೆ ಘಮ್ಮೆನ್ನುತ್ತಿತ್ತು.

ಒಂದು ಕಡೆ ನಾವು, ಕ್ವಾರ್ಟರ್ಸಿನ ಪಡೆ. ಇನ್ನೊಂದು ಕಡೆ ಆಚೆಯ ಸಂದಿಯ ಪಡೆ. ಅದರ ಸೇನಾಧಿಪತಿ ಸೆಲ್ವಿ, ನನ್ನ ವಯಸ್ಸಿನವಳು. ಅವಳ ಮನೆ ಇದ್ದದ್ದೇ ಆ ಗೂಡಿನೊಳಗೆ. ಅವಳ ತಾತ ಮುನುಸಾಮಿ ಒಂದು ಕಾಲದಲ್ಲಿ ಗೂಡಿನ ನೆತ್ತಿಯ ತೂತುಗಳಿಂದ ಕಲ್ಲಿದ್ದಲು ಸುರಿಯುತ್ತಿದ್ದವನು. ಬೆಂಕಿ ಆರಿದ ಮೇಲೆ ಮಾಲೀಕ, “ಕಾವಲಿಗೆ ಇರು” ಎಂದು ಹೇಳಿ ಹೋದ. ಆಮೇಲೆ ಮಾಲೀಕ ಸತ್ತ. ‘ಇನ್ನು ಸಾಕು’ ಎನ್ನಲು ಯಾರೂ ಉಳಿಯದ್ದರಿಂದ ಮುನುಸಾಮಿ ಇದ್ದೇ ಇದ್ದ. ಒಂದು ಕಮಾನಿನಲ್ಲಿ ಅಡುಗೆ, ಪಕ್ಕದ್ದರಲ್ಲಿ ನಿದ್ದೆ, ಅದರಾಚೆಯದರಲ್ಲಿ ಸೆಲ್ವಿಯ ಅಮ್ಮನ ಮೀನಿನ ಬುಟ್ಟಿಗಳು. ಆಕೆ ಬೆಳಕು ಹರಿಯುವ ಮೊದಲೇ ಕಾಸಿಮೇಡಿನ ಹರಾಜಿಗೆ ಹೋಗಿ, ಮೀನು ಹೊತ್ತು ಬೀದಿಬೀದಿ ಮಾರಿ ಬರುತ್ತಿದ್ದಳು.

ನಮ್ಮ ಯುದ್ಧಕ್ಕೆ ಶಾಸ್ತ್ರವಿತ್ತು. ಅರೆಬೆಂದ ಇಟ್ಟಿಗೆಯ ಚೂರು ಮೈಗೆ ತಾಗಿದರೆ ಪುಡಿಯಾಗುತ್ತದೆ, ಅದನ್ನು ಎಸೆಯಬಹುದು. ಹದವಾಗಿ ಬೆಂದ ಕೆಂಪು ಇಟ್ಟಿಗೆಯನ್ನು ಸೊಂಟದ ಕೆಳಕ್ಕೆ ಮಾತ್ರ. ಅತಿಯಾಗಿ ಬೆಂದು ಕರ್ರಗಾಗಿ ಗಾಜಿನಂತೆ ಹೊಳೆಯುವ ಇಟ್ಟಿಗೆಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಅದರ ಅಂಚು ಕತ್ತಿಯ ಹಾಗಿತ್ತು. ನಾನೂ ಸೆಲ್ವಿಯೂ ನೆಲಕ್ಕೆ ಉಗುಳಿ, ಉಗುಳನ್ನು ಕಾಲಿನಿಂದ ಬೆರೆಸಿ, ಈ ಒಪ್ಪಂದ ಮಾಡಿಕೊಂಡಿದ್ದೆವು. ನಮ್ಮ ಕಡೆಯ ಹುಡುಗನೊಬ್ಬ ಒಮ್ಮೆ ಕಪ್ಪು ಇಟ್ಟಿಗೆ ಎತ್ತಿದಾಗ ಎರಡೂ ಪಡೆಗಳು ಸೇರಿ ಅವನ ಕೈಯನ್ನು ತುಳಿದವು. ನ್ಯಾಯ ಅಷ್ಟು ಶೀಘ್ರವಾಗಿ ದೊರೆತದ್ದನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಉಳಿದಂತೆ ಯಾವ ಮುಲಾಜೂ ಇರಲಿಲ್ಲ. ಸೆಲ್ವಿ ನನ್ನ ಕಿವಿ ಕಚ್ಚಿದ್ದಳು. ನಾನು ಅವಳ ಜಡೆಯಿಂದ ಒಂದು ಹಿಡಿ ಕೂದಲನ್ನು ಬೇರುಸಮೇತ ಕಿತ್ತು ವಿಜಯಪತಾಕೆಯಂತೆ ಆಡಿಸಿದ್ದೆ. ಬಾಯಿಯೂ ಕೈಯಷ್ಟೇ ಓಡುತ್ತಿತ್ತು.

“ಏಯ್ ಕನ್ನಡಕ್ಕಾರಿ, ಮುದ್ದೆ ತಿಂದು ತಿಂದು ನಿನ್ನ ಕೈಯೂ ಮುದ್ದೆ ಆಗಿದೆ ಡೀ! ಇದೊಂದು ಏಟಾ?”

“ನೀನು ಕರುವಾಡು ತಿಂದ್ಕೊಂಡು ಕಚ್ಚಿದ್ಯಲ್ಲ, ನನ್ನ ಕಿವಿ ಇನ್ನೂ ನಾರ್ತಿದೆ, ಪೋಡೀ!”

ಮಧ್ಯಾಹ್ನ ಅದೇ ಕರುವಾಡನ್ನು, ಎಂದರೆ ಒಣಮೀನನ್ನು, ಕೆಂಡದ ಮೇಲೆ ಸುಟ್ಟು ಅವಳು ಕೊಡುವಳು. ಅಜ್ಜಿ ಕಟ್ಟಿದ ಮುದ್ದೆಯನ್ನು ನಾನು ಮುರಿದು ಕೊಡುವೆ. ತಿಂದು ಕೈ ತೊಳೆದು ಮತ್ತೆ ಹೊಡೆದಾಟ. ಊಟಕ್ಕೂ ವೈರಕ್ಕೂ ಸಂಬಂಧ ಕಲ್ಪಿಸುವಷ್ಟು ನಾವು ಕೆಟ್ಟಿರಲಿಲ್ಲ.

ಕದನವಿರಾಮದಲ್ಲಿ ಮುನುಸಾಮಿ ತಾತ ಫ್ಯಾಕ್ಟರಿಯ ಇತಿಹಾಸ ಹೇಳುತ್ತಿದ್ದ. ಆ ಇತಿಹಾಸ ಅವನು ಕುಡಿದ ಪ್ರಮಾಣಕ್ಕೆ ತಕ್ಕಂತೆ ವಿಸ್ತಾರವಾಗುತ್ತಿತ್ತು. ಸೋಮವಾರ ಅದನ್ನು ಕಟ್ಟಿಸಿದವನು ಒಬ್ಬ ದೊರೆ, ಗುರುವಾರ ಒಬ್ಬ ನವಾಬ. ಹೈಕೋರ್ಟು ನಮ್ಮ ಇಟ್ಟಿಗೆ, ಎಗ್ಮೋರ್ ಸ್ಟೇಷನ್ನು ನಮ್ಮ ಇಟ್ಟಿಗೆ, ಲಂಡನ್ನಿನ ರಾಣಿಯ ಅಡುಗೆಮನೆಗೂ ಇಲ್ಲಿಂದಲೇ ಹಡಗಿನಲ್ಲಿ ಹೋಯಿತು. ಗೋಡೆಯ ಈಚೆ ಬಟ್ಟೆ ಒಣಗಿಸುತ್ತಿದ್ದ ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು, “ಸಮುದ್ರಾನೂ ನೀನೇ ತೋಡ್ದೋನಾ ಮುನ್ಸಾಮಿ?” ಎನ್ನುತ್ತಿದ್ದಳು. ಅಜ್ಜಿ ಕೊಳ್ಳೇಗಾಲದ ಕಡೆಯವಳು. ತಮಿಳು ಪೂರ್ತಿ ಅರ್ಥವಾಗುತ್ತಿತ್ತು. ಮಾತಾಡುವುದು ಮಾತ್ರ ತನ್ನೂರ ಕನ್ನಡವೇ. ಅರ್ಥಮಾಡಿಕೊಳ್ಳುವ ಕೆಲಸ ಕೇಳುವವರದು ಎಂದು ಅವಳ ಸಿದ್ಧಾಂತ.

ಆ ಬೇಸಿಗೆಯಲ್ಲಿ ಮಾಲೀಕನ ಮಕ್ಕಳು ರಾಜಿಯಾದರು. ರಾಜಿಯಷ್ಟು ಅಪಾಯಕಾರಿಯಾದದ್ದು ಬೇರೊಂದಿಲ್ಲ. ಜಾಗವನ್ನು ಒಬ್ಬ ಬಿಲ್ಡರಿಗೆ ಮಾರಿದರು. ಬಿಲ್ಡರು ಜಾಗ ಖಾಲಿ ಮಾಡಿಸಲು ಜನ ಕಳುಹಿಸಿದ. ಹಾರೆ ಹಿಡಿದ ಆ ಗುಂಪಿನ ನಾಯಕನಿಗೆ ಡಬಲ್ ಬಾಡಿ ಎಂದು ಹೆಸರು. ಅವನನ್ನು ನೋಡಿದ ಮೇಲೆ ಕಾರಣ ಕೇಳುವ ಅಗತ್ಯವಿರಲಿಲ್ಲ.

ಅವರು ಬಂದಾಗ ನಮ್ಮ ಯುದ್ಧ ನಡೆಯುತ್ತಿತ್ತು. ನಮ್ಮ ಕಣ್ಣೆದುರೇ ಅಡುಗೆಯ ಕಮಾನಿನಿಂದ ಪಾತ್ರೆಗಳು ಹೊರಗೆ ಹಾರಿದವು, ಮೀನಿನ ಬುಟ್ಟಿಗಳು ಹಾರಿದವು. ಅಡ್ಡ ನಿಂತ ಮುನುಸಾಮಿ ತಾತನ ಮೊಣಕೈ ಮೇಲೆ ಒಬ್ಬ ಹಾರೆಯಿಂದ ಹೊಡೆದ. ಹಸಿ ಕಟ್ಟಿಗೆ ಮುರಿದಂಥ ಸದ್ದು ಬಂತು. ತಾತ ತನ್ನ ತೋಳು ಬಾಗಬಾರದ ಕಡೆಗೆ ಬಾಗಿದ್ದನ್ನು ಆಶ್ಚರ್ಯದಿಂದ ನೋಡುತ್ತ ಕುಳಿತುಬಿಟ್ಟ. ಸೆಲ್ವಿ ಡಬಲ್ ಬಾಡಿಯ ಮೀನಖಂಡಕ್ಕೆ ಹಲ್ಲು ಹಾಕಿದಳು. ಅವನು ಅವಳನ್ನು ಕುತ್ತಿಗೆ ಹಿಡಿದು ಎತ್ತಿ ಗೋಡೆಗೆ ಬಿಸಾಡಿದ. ಎರಡು ಪಡೆಗಳೂ ಒಂದಾಗಿ ಗೂಡಿನ ಮೇಲಿಂದ ಕಲ್ಲಿನ ಮಳೆ ಸುರಿಸಿದೆವು. ನಮ್ಮ ಪರಾಕ್ರಮ, ಅವರಲ್ಲೊಬ್ಬ ಮೇಲೆ ಹತ್ತಿ ನನ್ನ ಹೊಟ್ಟೆಗೆ ಒದೆಯುವವರೆಗೆ ಅಬಾಧಿತವಾಗಿ ನಡೆಯಿತು.

“ನಾಳೆ ಬೆಳಗ್ಗೆ ಮಿಷನ್ ಬರುತ್ತೆ. ಒಳಗಿದ್ರೆ ಇಟ್ಟಿಗೆ ಜೊತೆ ನೀವೂ ಪುಡಿ” ಎಂದು ಹೇಳಿ ಹೋದರು.

ಸಂಜೆ ಕ್ವಾರ್ಟರ್ಸಿನ ಗಣ್ಯರು ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಸಭೆ ಸೇರಿದರು. ಅದೊಂದು ಪಾರಂಪರಿಕ ಕಟ್ಟಡವೆಂದೂ, ನಗರದ ಕೆಂಪು ಕಟ್ಟಡಗಳ ತಾಯಿಯೆಂದೂ, ಅದರ ಸಂರಕ್ಷಣೆಗೆ ಸರ್ಕಾರಕ್ಕೆ ಮನವಿ ಸಲ್ಲಿಸಬೇಕೆಂದೂ ಒಮ್ಮತದಿಂದ ತೀರ್ಮಾನಿಸಿ ಟೀ ಕುಡಿದರು. ನಮ್ಮ ಅಪ್ಪ ರೈಲ್ವೆಯಲ್ಲಿ ಗುಮಾಸ್ತರು. “ಗೌರ್ಮೆಂಟ್ ಕೆಲಸದಲ್ಲಿರೋರು ನಾವು, ರೌಡಿಗಳ ತಂಟೆಗೆ ಹೋಗಬಾರ್ದು” ಎಂದರು. ಮನವಿಯ ಒಕ್ಕಣೆ ಮರುವಾರ ಎಂದಾಯಿತು.

ಅಜ್ಜಿ ವೀಳ್ಯ ಉಗುಳಿ ಎದ್ದಳು.

“ಕಟ್ಟಡ ಅಂದ್ರೆ ಕೆಡುವ್ತಾರೆ. ದೇವ್ರು ಅಂದ್ರೆ ಕೈ ಮುಗೀತಾರೆ. ಏಳಮ್ಮಿ, ಅರಿಸ್ನದ ಡಬ್ಬ ತಕ್ಕಬಾ.”

ಗೇಟಿಗೆ ಎದುರಾಗಿದ್ದ ಗೂಡಿನ ಬಾಯೊಂದನ್ನು ಹಿಂದೆಂದೋ ಇಟ್ಟಿಗೆ ಪೇರಿಸಿ ಮುಚ್ಚಿದ್ದರು. ಮೇಲೆ ಕಮಾನು, ಕೆಳಗೆ ಅಗಲ. ಸೆರಗು ಹೊದ್ದು ಕುಳಿತ ಹೆಂಗಸಿನ ಆಕಾರ. ಅಜ್ಜಿ ಅದಕ್ಕೆ ಅರಿಶಿನ ಮೆತ್ತಿದಳು, ಕುಂಕುಮ ಇಟ್ಟಳು, ಬೇವಿನ ಸೊಪ್ಪು ಕಟ್ಟಿದಳು. ಊರಿನ ಮಾರಮ್ಮನಿಗೆ ಹರಕೆಯೆಂದು ಸೌಕಾರ್‌ಪೇಟೆಯಲ್ಲಿ ಕೊಂಡು ಟ್ರಂಕಿನಲ್ಲಿಟ್ಟಿದ್ದ ಹಿತ್ತಾಳೆಯ ಕಣ್ಣುಗಳನ್ನು ತಂದು, ಮೈದಾ ಅಂಟಿನಿಂದ ಅಂಟಿಸಿದಳು. ಕಣ್ಣು ಕೂತದ್ದೇ ತಡ, ಜೊತೆಗಿದ್ದ ನಾನೂ ಕೈ ಮುಗಿದುಬಿಟ್ಟೆ. ಎರಡೂ ಪಡೆಗಳು ಒಬ್ಬರ ಹೆಗಲ ಮೇಲೊಬ್ಬರು ನಿಂತು ಚಿಮಣಿಗೆ ಕೈಗೆಟುಕಿದಷ್ಟು ಎತ್ತರಕ್ಕೆ ಕಾವಿ ಸುಣ್ಣದ ಪಟ್ಟೆ ಬಳಿದವು. ಸೆಲ್ವಿ ನನ್ನ ಹೆಗಲ ಮೇಲಿದ್ದಳು. ಬೇಕೆಂದೇ ಸುಣ್ಣವನ್ನು ನನ್ನ ತಲೆಗೆ ಚೆಲ್ಲಿದಳು. ನಾನು ಅವಳನ್ನು ಬೀಳಿಸಿದೆ.

ಬೆಳಗ್ಗೆ ಮಿಷನ್ನಿನ ಜೊತೆ ಡಬಲ್ ಬಾಡಿ ಬಂದಾಗ ಸಂದಿಯವರ ತಮಟೆ ಮೊಳಗುತ್ತಿತ್ತು. ಅಜ್ಜಿ ತಲೆಗೂದಲು ಕೆದರಿಕೊಂಡು, ಕೈಯಲ್ಲಿ ಹೊಸ ಪೊರಕೆ ಹಿಡಿದು, ಗೂಡಿನ ಮುಂದೆ ಓಲಾಡುತ್ತಿದ್ದಳು.

“ಯಾವನ್ಲಾ ಅವ್ನು ನನ್ ಗೂಡಿಗೆ ಕೈ ಹಾಕೋನು? ಕರುಳ್ ಬಗ್ದು ಬಾಗ್ಲಿಗೆ ತೋರ್ಣ ಕಟ್ಬುಡ್ತೀನಿ ಕಣ್ಲಾ!”

ಡಬಲ್ ಬಾಡಿಗೆ ಭಾಷೆ ತಿಳಿಯಲಿಲ್ಲ. ತಿಳಿಯದ್ದರಿಂದಲೇ ಬೆವರಿದ. “ಅಮ್ಮನ್ ಏನು ಹೇಳುತ್ತಾಳೆ?” ಎಂದು ಪಕ್ಕದಲ್ಲಿದ್ದ ಮುನುಸಾಮಿ ತಾತನನ್ನೇ ಕೇಳಿದ. ತಾತ ತೋಳಿಗೆ ಕಟ್ಟು ಹಾಕಿಸಿಕೊಂಡು ನಿಂತಿದ್ದ. ಅಂಥ ಅವಕಾಶ ಮನುಷ್ಯನಿಗೆ ಜನ್ಮದಲ್ಲಿ ಒಮ್ಮೆ ಬರುತ್ತದೆ. ಅಜ್ಜಿ ಹೇಳಿದ ಒಂದು ಮಾತನ್ನು ಅವನು ಸವಿಸ್ತಾರವಾಗಿ ತಮಿಳಿಗೆ ಅನುವಾದಿಸಿದ. ಅದರಲ್ಲಿ ಡಬಲ್ ಬಾಡಿಯ ಹೆಂಡತಿ, ಮಕ್ಕಳು, ಮೂಲವ್ಯಾಧಿ ಎಲ್ಲ ಬಂದವು. ಆಗ ಅಜ್ಜಿ ಪೊರಕೆ ತಿರುಗಿಸಿ ಅದರ ಹಿಡಿಯಿಂದ ಅವನ ಮೋರೆಗೆ ಬಾರಿಸಿದಳು. ಮೂಗಿನಿಂದ ರಕ್ತ ಸುರಿಯಿತು. ಅವನು ದೊಪ್ಪನೆ ಕಾಲಿಗೆ ಬಿದ್ದು, “ಅಮ್ಮಾ ತಾಯೇ, ಪಾಪ ಹೋಗಲಿ, ಇನ್ನೊಂದು ಹೊಡಿ!” ಎಂದ. ಅಜ್ಜಿ ಉದಾರಿ, ಕೈ ಸೋಲುವವರೆಗೆ ದಯಪಾಲಿಸಿದಳು.

ಅಜ್ಜಿ ಮನೆಗೆ ಬಂದು ನನ್ನಿಂದ ತೋಳಿಗೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ನಾನು ಕೇಳಿದೆ: “ಅಜ್ಜಿ, ನಿಜವಾಗ್ಲೂ ಮೈಮೇಲೆ ಬಂದಿತ್ತಾ?”

“ಏನೋ ಬಂತು ಕಣಮ್ಮಿ. ಯಾರು ಬಂದ್ರು ಅಂತ ಆಗ ವಿಚಾರ್ಸಕ್ಕಾಯ್ತದಾ? ಇನ್ನೊಂದು ಚೂರು ಮ್ಯಾಕ್ಕೆ ತಿಕ್ಕು.”

ಬಿಲ್ಡರು ಸ್ವತಃ ಬಂದು ತೆಂಗಿನಕಾಯಿ ಒಡೆದು ಬೇರೆ ಕಡೆ ಜಾಗ ನೋಡಿಕೊಂಡ. ಫ್ಯಾಕ್ಟರಿ ಉಳಿಯಿತು. ಸೆಲ್ವಿಯ ಪಾತ್ರೆಗಳು ತಗ್ಗು ತಿದ್ದಿಸಿಕೊಂಡು ಕಮಾನಿನೊಳಕ್ಕೆ ಹಿಂದಿರುಗಿದವು. ಯುದ್ಧ ಪುನರಾರಂಭವಾಯಿತು. ಒಂದು ಕಟ್ಟಡವನ್ನು ಉಳಿಸಲು ಪೊರಕೆ ಸಾಕೆಂಬ ಸಂಗತಿ ಸರ್ಕಾರಕ್ಕೆ ತಿಳಿದಿದ್ದರೆ ಎಷ್ಟು ಇಲಾಖೆಗಳ ಖರ್ಚು ಉಳಿಯುತ್ತಿತ್ತೋ!

ಆದರೆ ದೇವರನ್ನು ಮಾಡುವುದು ಸುಲಭ, ಸುಮ್ಮನಿರಿಸುವುದು ಕಷ್ಟ. ತಮಿಳರು ಅವಳನ್ನು ಸೆಂಗಲ್ ಅಮ್ಮನ್ ಎಂದರು, ಅಂದರೆ ಇಟ್ಟಿಗೆಯಮ್ಮ. ಅಜ್ಜಿಗೆ ಅವಳು ಇಟ್ಟಿಗೆ ಮಾರಮ್ಮ. ಡಬಲ್ ಬಾಡಿಯ ಮೂಲವ್ಯಾಧಿ ವಾಸಿಯಾಯಿತೆಂದು ಸುದ್ದಿ ಹಬ್ಬಿತು. ಜನ ಸಾಲುಗಟ್ಟಿದರು. ತಗಡಿನ ಚಪ್ಪರ ಬಂತು, ಮೈಕು ಬಂತು, ಮೈಕಿನ ಹಿಂದೆ ಸಮಿತಿ ಬಂತು. ಸಮಿತಿ ಬಂದ ಮೇಲೆ ಎರಡನೆಯ ಸಮಿತಿ ಬರುವುದು ಪ್ರಕೃತಿ ನಿಯಮ. ಮೊದಲನೆಯದು ಸಂದಿಯವರದು; ಅಮ್ಮನ್ ನಮ್ಮ ಅಂಗಳದಲ್ಲಿ ಹುಟ್ಟಿದವಳು ಎಂದು ಅವರ ವಾದ. ಎರಡನೆಯದು ಮಾರ್ಕೆಟ್ ಬೀದಿಯವರದು. ಅವಳು ನೋಡುತ್ತಿರುವುದು ನಮ್ಮ ಕಡೆಗೆ ಎಂದು ಅವರ ವಾದ. ಅಜ್ಜಿಗೆ ಇಬ್ಬರೂ ಒಂದು ಕುರ್ಚಿ ಹಾಕಿ ಮೂಲೆಯಲ್ಲಿ ಕೂರಿಸಿದರು. ಹೊಸದಾಗಿ ಮೈಮೇಲೆ ಬರಿಸಿಕೊಳ್ಳುವ ಒಬ್ಬ ಯುವಕ ಸಿಕ್ಕಿದ್ದ; ಅವನ ಮೇಲೆ ಬಂದ ದೇವಿ ಶುದ್ಧ ತಮಿಳು ಮಾತಾಡುತ್ತಿದ್ದಳು.

ಆಡಿ ಮಾಸ ಬಂತು. ಅಲ್ಲಿನ ಅಮ್ಮನ್ ಗುಡಿಗಳಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ರಾಗಿಯ ಕೂಳು ಕಾಯಿಸಿ ಜನಕ್ಕೆಲ್ಲ ಹೊಯ್ಯುವ ತಿಂಗಳು. ನಮ್ಮ ಅಂಬಲಿಯೇ, ಜೊತೆಗೆ ಕರುವಾಡಿನ ಸಾರು, ಸಣ್ಣೀರುಳ್ಳಿ. ಸಣ್ಣಗೆ ಹುಳಿಯಾದ ರಾಗಿಯ ವಾಸನೆಗೆ ನಾನೂ ಸೆಲ್ವಿಯೂ ಲೋಟ ಹಿಡಿದು ಮುಂದೆ ನಿಂತಿದ್ದೆವು. ದೇವಿಯ ಮುಂದಕ್ಕೆ ಮೊದಲ ಹಂಡೆ ಯಾವ ಸಮಿತಿಯದು ಎಂಬ ಪ್ರಶ್ನೆ ಎದ್ದಿತು. ಎರಡು ಹಂಡೆಗಳು ಚಪ್ಪರದ ಬಾಗಿಲಲ್ಲಿ ಏಕಕಾಲಕ್ಕೆ ಸಿಕ್ಕಿಕೊಂಡವು. ಒಂದು ಉರುಳಿತು. ಕುದಿಯುವ ಕೂಳು ನಾಲ್ಕಾರು ಜನರ ಕಾಲಿನ ಮೇಲೆ ಹರಿಯಿತು. ಅವರ ಕೂಗು ಮೈಕಿನಲ್ಲಿ ಬರುತ್ತಿದ್ದ ಭಕ್ತಿಗೀತೆಯನ್ನೂ ಮೀರಿಸಿತು.

ಆಮೇಲೆ ನಡೆದದ್ದನ್ನು ನಾವು, ಅನುಭವಸ್ಥ ಯೋಧರು, ಗೂಡಿನ ನೆತ್ತಿಯ ಮೇಲಿಂದ ನೋಡಿದೆವು. ದೊಡ್ಡವರಿಗೆ ಹೊಡೆದಾಡಲು ಬರುವುದಿಲ್ಲ ಎಂಬುದು ನಮಗೆ ಮೊದಲ ನೋಟಕ್ಕೇ ತಿಳಿಯಿತು. ಅವರಿಗೆ ಶಾಸ್ತ್ರವಿರಲಿಲ್ಲ. ಕೈಗೆ ಸಿಕ್ಕಿದ ಇಟ್ಟಿಗೆ, ಕಣ್ಣಿಗೆ ಬಿದ್ದ ತಲೆ. ಸೌಟಿನಿಂದ ಹಲ್ಲು ಉದುರಿತು. ಚಪ್ಪರದ ಗಳ ಕಿತ್ತು ಒಬ್ಬನ ಪಕ್ಕೆಗೆ ತಿವಿದರು. ಒಬ್ಬ ಓಡಿಹೋಗಿ ಕಪ್ಪು ಇಟ್ಟಿಗೆಗಳ ರಾಶಿಗೆ ಕೈ ಹಾಕಿದ.

“ಕರುಪ್ಪು ಕೂಡಾದು! ಕರುಪ್ಪು ಕೂಡಾದು!” ಸೆಲ್ವಿ ಮೇಲಿಂದ ಕಿರುಚಿದಳು. ಕಪ್ಪು ಎತ್ತಬಾರದು ಎಂದು ನಾವೆಲ್ಲ ಸೇರಿ ಕಿರುಚಿದೆವು. ಮಕ್ಕಳ ಕಾನೂನನ್ನು ಕೇಳುವವರು ಯಾರು?

ಮುನುಸಾಮಿ ತಾತ ಗುಂಪಿನ ನಡುವೆ ನುಗ್ಗಿ, ಒಂದೇ ಕೈಯೆತ್ತಿ, “ನಿಲ್ಲಿಸ್ರೋ, ಇದು ನನ್ನ ಮನೆ!” ಎನ್ನುತ್ತಿದ್ದ. ಕಪ್ಪು ಇಟ್ಟಿಗೆ ಅವನ ಕಿವಿಯ ಮೇಲ್ಭಾಗಕ್ಕೆ ಬಂದು ಕೂತಿತು. ಬಿದ್ದವನು ಚೆಲ್ಲಿದ ಕೂಳಿನೊಳಗೇ ಬಿದ್ದ. ಅವನ ಸುತ್ತ ಅಂಬಲಿ ಕೆಂಪಾಗುವುದನ್ನು ಕಂಡು ಅಮ್ಮನ್ ರಕ್ತ ಕೇಳಿದಳೆಂದು ಯಾರೋ ಕೈ ಮುಗಿದರು. ಆಸ್ಪತ್ರೆಗೆ ಹೋದ ತಾತ ಹಿಂದಿರುಗಲಿಲ್ಲ.

ಪೊಲೀಸರು ಬಂದರು, ಎರಡೂ ಕಡೆಯವರನ್ನು ಕೂರಿಸಿ ಬಡಿದರು, ಶಾಂತಿ ಸ್ಥಾಪನೆಯಾಯಿತು. ಸಮಿತಿಗಳು ಒಂದಾದವು. ಒಂದಾದ ಸಮಿತಿ ಗಂಭೀರವಾಗಿ ಆಲೋಚಿಸಿ, ಜಗಳಕ್ಕೆ ಮೂಲ ಕಾರಣ ಅಲ್ಲಿ ಬಿದ್ದಿರುವ ಇಟ್ಟಿಗೆಗಳೇ ಎಂಬ ತೀರ್ಮಾನಕ್ಕೆ ಬಂತು. ಹಳೆಯ ಗೂಡನ್ನು ಕೆಡವಿ ಕಾಂಕ್ರೀಟಿನ ಮಂಟಪ ಕಟ್ಟುವುದು. ಅಲ್ಲದೆ, ಗರ್ಭಗುಡಿಯ ಬೆನ್ನಿಗೆ ಸಂಸಾರ ಹೂಡಿ ಮೀನು ಸುಡುವುದು ಅಪಚಾರ. ಕೆಡವುವ ಕೆಲಸವನ್ನು ಡಬಲ್ ಬಾಡಿ ಹರಕೆಯೆಂದು ಪುಕ್ಕಟೆ ವಹಿಸಿಕೊಂಡ.

ಸೆಲ್ವಿ ಗೋಡೆ ಹಾರಿ ನಮ್ಮ ಮನೆಗೆ ಬಂದಳು. ನಾನು ಅಭ್ಯಾಸಬಲದಿಂದ ಕಿವಿ ಮುಚ್ಚಿಕೊಂಡು ನಿಂತೆ. ಅವಳು ನನ್ನನ್ನು ನೋಡದೆ ನೇರ ಅಜ್ಜಿಯ ಮುಂದೆ ಹೋಗಿ ನಿಂತಳು.

“ಪಾಟಿ, ಆ ಅಮ್ಮನ್ನ ನೀನು ಮಾಡಿದ್ದು ತಾನೆ? ನಮ್ಮ ಮನೆ ಒಡೀಬೇಡಿ ಅಂತ ಅವಳಿಗೆ ಹೇಳು.”

ಅಜ್ಜಿ ಚಪ್ಪಲಿಯನ್ನೂ ಮೆಟ್ಟದೆ ಹೊರಟಳು. ನಾವಿಬ್ಬರೂ ಹಿಂದೆ ಓಡಿದೆವು. ಸುತ್ತಿಗೆಗಳು ಆಗಲೇ ನೆತ್ತಿಯ ಮೇಲಿದ್ದವು. ಅಜ್ಜಿ ತಲೆ ಕೆದರಿಕೊಂಡಳು, ಓಲಾಡಿದಳು, ಕರುಳು ಬಗೆಯುವ ಮಾತೆಲ್ಲ ಆಡಿದಳು. ಅನುವಾದಿಸುವವನು ಸತ್ತಿದ್ದ. ಇಬ್ಬರು ಹುಡುಗರು ಬಂದು ಬಹಳ ಮರ್ಯಾದೆಯಿಂದ ತೋಳು ಹಿಡಿದು, “ಓರಮಾ ಉಕ್ಕಾರುಂಗ ಪಾಟಿ” ಎಂದು ಪಕ್ಕಕ್ಕೆ ಕೂರಿಸಿದರು.

ಅಜ್ಜಿ ಓಲಾಟ ನಿಲ್ಲಿಸಿ ಕೂದಲು ಗಂಟು ಹಾಕಿಕೊಂಡಳು. ಆಮೇಲೆ ಅವಳ ಬಾಯಲ್ಲಿ ನಾನು ಎಂದೂ ಕೇಳದ ತಮಿಳು ಬಂತು, ಮುರುಕು ಮುರುಕಾಗಿ: ಇವಳು ದೇವರಲ್ಲ, ಬರೀ ಗೋಡೆ, ನಾನು ಮಾಡಿದ್ದು, ಕಣ್ಣು ನನ್ನ ಟ್ರಂಕಿನದು. ಕೊನೆಗೆ ಅದೂ ಸಾಲದೆ ಸ್ವಂತ ಭಾಷೆಗೆ ಇಳಿದಳು: “ಸುಳ್ಳು ಕಣ್ರೋ! ನಾನೇ ಯೋಳ್ತಾವ್ನಿ, ಸುಳ್ಳು! ಆ ಮಗೀನ ಮನೆ ಬುಟ್ಬುಡ್ರೋ!”

ಡಬಲ್ ಬಾಡಿ ಮೇಲಿಂದ ಇಳಿದು ಬಂದು ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಮ್ಮನ್ ನಮ್ಮ ಭಕ್ತಿಯನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದ. ಮತ್ತೆ ಹತ್ತಿ ಹೋಗಿ, ಮೊದಲಿಗಿಂತ ಜೋರಾಗಿ ಸುತ್ತಿಗೆ ಬೀಸಿದ. ಅಡುಗೆಯ ಕಮಾನು ಮೊದಲು ಕುಸಿಯಿತು.

ಕೆಂಪು ದೂಳು ನಮ್ಮಿಬ್ಬರ ಮೇಲೂ ಬಿತ್ತು. ನಾನು ಸೆಲ್ವಿಯ ಎದುರಿಗೆ ಹೋಗಿ ನಿಂತೆ. ಹೊಡೆಯಲಿ ಎಂದೇ ನಿಂತೆ. ಮತ್ತೆ ಕಿವಿಗೆ ಹೋಗಿದ್ದ ಕೈಯನ್ನು ತೆಗೆದೆ. ಅವಳ ಕಾಲ ಬಳಿ ಬೇಕಾದಷ್ಟು ಚೂರುಗಳಿದ್ದವು. ಅವಳು ಮುಖದ ದೂಳು ಒರೆಸಿಕೊಂಡು, ತನ್ನ ಅಮ್ಮನ ಮೀನಿನ ಬುಟ್ಟಿಯೊಂದನ್ನು ತಲೆಗೆ ಏರಿಸಿಕೊಂಡು, ನನ್ನನ್ನು ಕಂಬವೊಂದನ್ನು ದಾಟುವ ಹಾಗೆ ದಾಟಿ ಹೋದಳು. ಕಾಸಿಮೇಡಿನ ಕಡೆ ಹೋದರೆಂದು ಆಮೇಲೆ ಯಾರೋ ಹೇಳಿದರು. ನಾನು ಹುಡುಕಿದೆ; ಅಲ್ಲಿ ಸೆಲ್ವಿಯರು ಬಹಳ ಮಂದಿ.

ಕೆಲವು ವರ್ಷಗಳಲ್ಲಿ ಚಿಮಣಿಯೂ ಹೋಯಿತು. ಅದರ ನೆರಳು ಹೊಸ ಗುಡಿಯ ಗೋಪುರದ ಮೇಲೆ ಬೀಳುತ್ತಿತ್ತಂತೆ. ಈಚೆಗೆ ಹೋಗಿದ್ದೆ. ನೆಲಕ್ಕೆ ಗ್ರಾನೈಟು, ದೇವಿಗೆ ಬೆಳ್ಳಿ ಕವಚ. ಇಲ್ಲೊಂದು ಇಟ್ಟಿಗೆ ಫ್ಯಾಕ್ಟರಿ ಇತ್ತು ಎಂದೆ. ಅರ್ಚಕರು ಸೌಜನ್ಯದಿಂದ ನಕ್ಕು, “ಇದು ರಾಜರ ಕಾಲದ ಸ್ಥಳ ಅಮ್ಮಾ, ಫ್ಯಾಕ್ಟರಿ ಎಲ್ಲಿಂದ ಬರಬೇಕು?” ಎಂದರು. ಮುನುಸಾಮಿ ತಾತನ ಇತಿಹಾಸವೇ ಇದಕ್ಕಿಂತ ವಾಸಿ. ಅದರಲ್ಲಿ ಕಡೆಯ ಪಕ್ಷ ಇಟ್ಟಿಗೆಯಾದರೂ ಇತ್ತು.

ನಾನೀಗ ಶೋಳಿಂಗನಲ್ಲೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಮಕ್ಕಳು ಆಡುವ ಜಾಗಕ್ಕೆ ರಬ್ಬರಿನ ನೆಲ ಹಾಸಿದ್ದಾರೆ, ಬಿದ್ದರೆ ಪೆಟ್ಟಾಗುವುದಿಲ್ಲ. ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ, ಧ್ವನಿಯನ್ನೂ ಎತ್ತುವುದಿಲ್ಲ. ಜಗಳವೆಂಬುದೇ ಇಲ್ಲ. ಎದುರು ಮನೆಯವರ ಹೆಸರು ನನಗೆ ಗೊತ್ತಿಲ್ಲ.